ತಲೆದೂಗಿದ ತರಗತಿ

ಎಂಟು ವರ್ಷ ಲಂಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಜಪಾನೀ ಭಾಷೆ ಕಲಿಸಿದರೂ, ಮಾತಾಡಲು ಕಲಿಸುವ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಓದಿಸಬಹುದಿತ್ತು, ಬರೆಸಬಹುದಿತ್ತು, ವ್ಯಾಕರಣವನ್ನಂತೂ ಪೂರ್ತಿ ನನ್ನ ತಲೆಗೇ ಕಟ್ಟಿದ್ದರು. ವಾರಕ್ಕೆರಡು ಸಲ ನಡೆಯುವ ಸಂಭಾಷಣೆಯ ತರಗತಿ ಮಾತ್ರ ಜಪಾನಿನಲ್ಲಿ ಹುಟ್ಟಿ ಬೆಳೆದವರಿಗೆ ಮೀಸಲು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ನಮ್ಮ ಪೂರ್ವ ಏಷ್ಯಾ ಅಧ್ಯಯನ ವಿಭಾಗದಲ್ಲಿ ನಿಜವಾಗಿ ಮುಖ್ಯವಾದ ಯಾವುದನ್ನೂ ಬರೆದಿಡುವ ಪದ್ಧತಿ ಇಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಟೈಮ್‌ಟೇಬಲ್ ಬರುತ್ತಿತ್ತು. ಸಂಭಾಷಣೆಯ ಎದುರು ನನ್ನ ಹೆಸರು ಇರುತ್ತಿರಲಿಲ್ಲ.

ನಾನು ಇಂಥದ್ದಕ್ಕೆಲ್ಲ ಅಳುವವಳಲ್ಲ, ಸಿಡುಕುವವಳು. ಮೈಸೂರಿನಲ್ಲಿ ಬೆಳೆದೆ. ಬೆಂಗಳೂರಿನಲ್ಲಿ ಸಂಜೆ ಕ್ಲಾಸಿಗೆ ಹೋಗಿ ಒಂದಿಷ್ಟು ಜಪಾನೀ ಅಕ್ಷರ ಕಲಿತೆ. ಆ ಅರೆಬರೆ ವಿದ್ಯೆಯನ್ನೇ ನಂಬಿಕೊಂಡು ಬಿಡದಿಯ ಕಡೆಯ ಒಂದು ಜಪಾನೀ ಕಾರ್ಖಾನೆಯಲ್ಲಿ ದುಭಾಷಿಯಾಗಿ ಸೇರಿದೆ. ನನಗೆ ನಿಜವಾಗಿ ಭಾಷೆ ಬಂದದ್ದು ಅಲ್ಲಿಯ ಕ್ಯಾಂಟೀನಿನಲ್ಲಿ, ಚಿತ್ರಾನ್ನದ ಹಸಿಮೆಣಸಿನಕಾಯಿಯನ್ನು ಹುರುಳಿಕಾಯಿ ಎಂದುಕೊಂಡು ಅಗಿದು ಕಣ್ಣೀರಿಡುತ್ತಿದ್ದ ಎಂಜಿನಿಯರುಗಳ ಪಕ್ಕದಲ್ಲಿ. ಆಮೇಲೆ ನಾಲ್ಕು ವರ್ಷ ಜಪಾನಿನಲ್ಲೇ ಇದ್ದೆ. ಮದುವೆಯಾದ ಮೇಲೆ ಯಜಮಾನರಿಗೆ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿ ಈ ಊರಿಗೆ ಬಂದೆವು. ಈಜು ಬರುವವಳನ್ನು ದಡದಲ್ಲಿ ಕೂರಿಸಿ, ನೀನು ಬಟ್ಟೆ ಕಾಯುತ್ತಿರು ಎಂದರೆ ಸಿಟ್ಟು ಬರುವುದಿಲ್ಲವೇ? ನನಗೆ ಬರುತ್ತಿತ್ತು.

ಆ ತರಗತಿ ಬೇಕೆನ್ನಿಸಲು ಇನ್ನೊಂದು ಕಾರಣವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಮಗಳು ಹುಟ್ಟಿದ್ದು ಇಲ್ಲೇ, ಟೂಟಿಂಗ್‌ನಲ್ಲಿ. ನಾನಾಡುವ ಕನ್ನಡದ ಒಂದೊಂದು ಮಾತೂ ಅವಳಿಗೆ ಅರ್ಥವಾಗುತ್ತದೆ, ಗೊಣಗಿದ್ದೂ ಸೇರಿ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟಕ್ಕೆ ಬಾರೇ" ಎಂದರೆ "ಟೂ ಮಿನಿಟ್ಸ್, ಅಮ್ಮಾ." ಗದರಿದೆ, ಆಸೆ ತೋರಿಸಿದೆ. ಅವಳಿಗೆ ಒಂಬತ್ತು ವರ್ಷವಿದ್ದಾಗ, ಕನ್ನಡದಲ್ಲಿ ಕೇಳದಿದ್ದರೆ ಉತ್ತರವನ್ನೇ ಕೊಡುವುದಿಲ್ಲ ಎಂದು ಹಟ ಹಿಡಿದೆ. ಅವಳು ಯಾರ ಮಗಳು? ತಾನೂ ಬಾಯಿ ಮುಚ್ಚಿಕೊಂಡಳು. ಹನ್ನೊಂದು ದಿನ ನಮ್ಮ ಫ್ಲ್ಯಾಟಿನಲ್ಲಿ ಕುಕ್ಕರ್ ಕೂಗುವುದೊಂದೇ ಕೇಳಿಸುತ್ತಿತ್ತು. ಹನ್ನೆರಡನೆಯ ದಿನ ನಾನೇ ಸೋತೆ. ನಾನು ಕೇಳಿದ ಭಾಷೆಯಲ್ಲೇ ನನಗೆ ಉತ್ತರ ಸಿಗುವ ಒಂದು ಕೋಣೆ ಈ ಊರಿನಲ್ಲಿ ಎಲ್ಲಾದರೂ ಇರಲಿ ಎಂದು ಅಂದಿನಿಂದ ಆಸೆ. ಕನ್ನಡ ಆಗದಿದ್ದರೆ ಜಪಾನಿಯಾದರೂ ಆಗಲಿ.

ಜಪಾನೀ ಪಾಠಗಳ ಹೊಣೆಯೆಲ್ಲ ಕ್ಯೋಟೋ ಕಡೆಯ ಒಬ್ಬ ಹಿರಿಯ ಮೇಡಮ್ಮಿನದು. ಜಪಾನೀ ಭಾಷೆಯಲ್ಲಿ ಮೇಷ್ಟರನ್ನು ಸೆನ್ಸೇ ಎನ್ನುತ್ತಾರೆ. ನಾವಿಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತೇವೆ, ಜಪಾನೀ ಭಾಷೆಯಲ್ಲೇ ಮಾತಾಡುತ್ತೇವೆ. ನಮ್ಮಿಬ್ಬರಿಗೂ ಸೇರಿ ಒಂದೇ ಪುಟ್ಟ ರೂಮು, ಎದುರುಬದುರು ಮೇಜು. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿದರೆ ಉಪ್ಪಿನಲ್ಲಿ ನೆನೆಸಿದ ಅವರ ಹುಳಿಹಣ್ಣು ನನ್ನ ಕಡೆಗೆ, ನನ್ನ ಉಪ್ಪಿನಕಾಯಿ ಅವರ ಕಡೆಗೆ. ನನ್ನ ಸಂಸಾರದ ಕಷ್ಟಸುಖವನ್ನೆಲ್ಲ ಎಂಟು ವರ್ಷ ತಾಳ್ಮೆಯಿಂದ ಕೇಳಿದವರು ಅವರು. ಆದರೆ ಟೈಮ್‌ಟೇಬಲ್ ಬರೆಯುವವರೂ ಅವರೇ, ಮತ್ತು ಆ ವಿಷಯವನ್ನು ನಾವು ಡಬ್ಬಿಯ ಮುಂದೆ ಎತ್ತುತ್ತಿರಲಿಲ್ಲ.

ಹೋದ ವರ್ಷ ಸಂಭಾಷಣೆ ಕಲಿಸುವ ಸಹೋದ್ಯೋಗಿ ಬಾಣಂತನದ ರಜೆಗೆ ಹೋದರು. ಹಿರಿಯ ಸೆನ್ಸೇ ಒಂದು ಮಧ್ಯಾಹ್ನ ತಮ್ಮ ಡಬ್ಬಿಯನ್ನು ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಕಟ್ಟಿ, ಆಮೇಲೆ ಹೇಳಿದರು. "ಎರಡನೆಯ ವರ್ಷದವರ ಸಂಭಾಷಣೆಯನ್ನು ಈ ವರ್ಷ ನೀವು ನೋಡಿಕೊಳ್ಳಬಹುದೇ? ಅವರು ಬಂದ ಮೇಲೂ ಇಬ್ಬರೂ ಹಂಚಿಕೊಳ್ಳಬಹುದೋ ಏನೋ, ಮೇ ತಿಂಗಳ ಪರೀಕ್ಷೆ ಆದಮೇಲೆ ಯೋಚಿಸೋಣ."

ಹದಿನಾಲ್ಕು ಮಂದಿ ಹುಡುಗ ಹುಡುಗಿಯರು. ಬರುವ ಸೆಪ್ಟೆಂಬರಿನಲ್ಲಿ ಒಂದು ವರ್ಷಕ್ಕೆ ಜಪಾನಿಗೆ ಹೋಗಬೇಕಾದವರು. ಪುಸ್ತಕದ ಜಪಾನೀ ಚೆನ್ನಾಗಿಯೇ ಬರುತ್ತಿತ್ತು, ಕಲಿಸಿದವಳು ನಾನಲ್ಲವೇ. ಆದರೆ ಇನ್ನೊಬ್ಬರು ಮಾತಾಡುವಾಗ ಅವರೆಲ್ಲ ಮುಖವನ್ನು ಕಲ್ಲು ಮಾಡಿಕೊಂಡು ಕೂರುತ್ತಿದ್ದರು. ಈ ದೇಶದಲ್ಲಿ ಅದೇ ಮರ್ಯಾದೆ: ಅಲುಗಾಡದೆ ಕೇಳು, ಎದುರಿನವರದ್ದು ಮುಗಿದ ಮೇಲೆ ನಿನ್ನದು ಹೇಳು. ಜಪಾನಿನಲ್ಲಿ ಹಾಗೆ ಕೂತರೆ, ಇವನಿಗೆ ನನ್ನ ಮಾತು ಬೇಡವಾಗಿದೆ ಎಂದು ಹೇಳುವವರಿಗೆ ಬೇಜಾರಾಗುತ್ತದೆ. ಅಲ್ಲಿ ಕೇಳುವವರಿಗೂ ಕೆಲಸವಿದೆ. ವಾಕ್ಯ ಮುಗಿಯುವ ಮುಂಚೆಯೇ ನಡುನಡುವೆ ಹೌದು, ಓಹೋ, ಹಾಗೋ ಎನ್ನುತ್ತಲೇ ಇರಬೇಕು.

ಇದನ್ನು ನನಗೆ ಜಪಾನಿನವರು ಕಲಿಸಬೇಕಾಗಿರಲಿಲ್ಲ. ನಮ್ಮಮ್ಮ ಮ್ಯಾಟಿನಿ ಸಿನಿಮಾ ನೋಡಿಕೊಂಡು ಬಂದರೆ ಅಡುಗೆಮನೆಯಲ್ಲಿ ಪೂರ್ತಿ ಕಥೆ ಹೇಳುತ್ತಿದ್ದರು. ನಾವು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ನಾಯಕಿಯನ್ನು ರೈಲಿನ ಹಳಿಯ ಮೇಲೇ ಬಿಟ್ಟು ಅಮ್ಮ ಸೌಟು ತೆಗೆದುಕೊಳ್ಳುತ್ತಿದ್ದರು. ಅದನ್ನೇ ಪಾಠ ಮಾಡಿದೆ. ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಒಬ್ಬರು ಏನಾದರೂ ಕಥೆ ಹೇಳಬೇಕು, ಉಳಿದವರು ಜಪಾನಿಯಲ್ಲಿ ಹೂಂಗುಟ್ಟಬೇಕು. "ಸುಮ್ಮನೆ ಕೂರಬೇಡಿ, ಮೈ ಅಲುಗಾಡಲಿ, ನನ್ನನ್ನು ನೋಡಿ," ಎನ್ನುತ್ತ ನಾನೇ ಮಾಡಿ ತೋರಿಸುತ್ತಿದ್ದೆ. ಅವರು ನನ್ನನ್ನು ನೋಡಿದರು. ಬಹಳ ಚೆನ್ನಾಗಿಯೇ ನೋಡಿದರು.

ಕ್ರಿಸ್‌ಮಸ್ ರಜೆಗೆ ಮುಂಚೆ ಹದಿನಾಲ್ಕೂ ಮಂದಿಯನ್ನು ಟೂಟಿಂಗ್‌ನ ನಮ್ಮ ಮಾಮೂಲಿ ಹೋಟೆಲಿಗೆ ದೋಸೆಗೆ ಕರೆದುಕೊಂಡು ಹೋದೆ. ಷರತ್ತು ಒಂದೇ: ಮೇಜಿನಲ್ಲಿ ಜಪಾನೀ ಬಿಟ್ಟು ಬೇರೆ ಮಾತಿಲ್ಲ. ಯಾರ ಮನೆಯ ಬೆಕ್ಕು ಕಳೆದುಹೋಯಿತು, ಯಾರ ಫ್ಲ್ಯಾಟಿನ ಬಾಯ್ಲರ್ ಕೆಟ್ಟಿದೆ, ಎಲ್ಲವೂ ಜಪಾನಿಯಲ್ಲಿ. ನಾನು ಕೇಳಿದ್ದಕ್ಕೆಲ್ಲ ಅದೇ ಭಾಷೆಯಲ್ಲಿ ಉತ್ತರ ಬರುತ್ತಿತ್ತು, ಅದೂ ಚಟ್ನಿಯ ವಾಸನೆಯ ನಡುವೆ. ಆ ಮಧ್ಯಾಹ್ನ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಬಡಿಸುವವರು ಉಡುಪಿ ಕಡೆಯವರು, ನನಗೆ ಹಳೆಯ ಪರಿಚಯ. ಸಾಂಬಾರಿನ ಬಕೆಟ್ಟು ಹಿಡಿದು ಸ್ವಲ್ಪ ಹೊತ್ತು ನೋಡುತ್ತಾ ನಿಂತರು.

"ಇವರು ಮಾತಾಡುದು ಎಂತ ಭಾಷೆ ಅಂತ ನಂಗೆ ಗೊತ್ತಾಗ್ಲಿಲ್ಲ ಮಾರಾಯ್ರೆ. ಆದ್ರೆ ತಲೆ ನೋಡಿದ್ರೆ ಎಲ್ಲ ನಮ್ಮ ಊರಿನವರ ಹಾಗೇ ಉಂಟಲ್ಲ!"

ಒಳ್ಳೆಯ ಮಾತೆಂದುಕೊಂಡು ನಕ್ಕೆ. ಅವರಿಗೆ ಕಂಡದ್ದು ನನಗೆ ಕಾಣಲಿಲ್ಲ.

ಹಿರಿಯ ಸೆನ್ಸೇ ಎರಡು ಸಲ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಎರಡು ಸಲವೂ ಸಮಾಧಾನದಿಂದ ಎದ್ದುಹೋದರು. ಮೇ ತಿಂಗಳು ಬಂತು. ಮೌಖಿಕ ಪರೀಕ್ಷೆಗೆ ಬೇರೆ ಊರಿನ ವಿಶ್ವವಿದ್ಯಾಲಯದಿಂದ ಎಕ್ಸ್‌ಟರ್ನಲ್ ಬಂದರು, ತುಂಬ ಮೆದುಮಾತಿನ ಜಪಾನೀ ಪ್ರಾಧ್ಯಾಪಕರು. ಅವರೂ ಹಿರಿಯ ಸೆನ್ಸೇಯೂ ಮೇಜಿನ ಹಿಂದೆ, ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಾಯಿ ತೆರೆಯಬಾರದೆಂಬ ಕರಾರಿನ ಮೇಲೆ.

ಪ್ರಾಧ್ಯಾಪಕರು ಪ್ರತಿಯೊಬ್ಬರಿಗೂ ಒಂದು ಸಣ್ಣ ಪ್ರಸಂಗ ಹೇಳುತ್ತಿದ್ದರು: ರೈಲಿನಲ್ಲಿ ಕೊಡೆ ಮರೆತುಬಂದದ್ದು, ಅದನ್ನು ಹುಡುಕಿಕೊಂಡು ಸ್ಟೇಷನ್ನಿಗೆ ಹೋದದ್ದು. ಕೇಳಿಸಿಕೊಂಡು, ಆಮೇಲೆ ಪ್ರಶ್ನೆಗೆ ಉತ್ತರಿಸಬೇಕು. ಮೊದಲನೆಯ ಹುಡುಗಿ ಒಳಗೆ ಬಂದು ಸರಿಯಾಗಿ ಬಾಗಿ ನಮಸ್ಕರಿಸಿ ಕೂತಳು. ಕೊಡೆಯ ಕಥೆ ಶುರುವಾಯಿತು. ಅವಳು ಒಳ್ಳೆಯ ಜಪಾನಿಯಲ್ಲಿ ಹೂಂಗುಟ್ಟಿದಳು. ಪ್ರಾಧ್ಯಾಪಕರು ತಟ್ಟನೆ ನಿಲ್ಲಿಸಿ, ಅವಳ ಮುಖ ನೋಡಿ, ಅದೇ ವಾಕ್ಯವನ್ನು ಇನ್ನೂ ಸುಲಭ ಮಾಡಿ ಹೇಳಿದರು. ಅವಳು ಮತ್ತೆ, ಅರ್ಥವಾಯಿತು ಎಂದಳು. ಅವರು ಮತ್ತೆ ಹೇಳಿದರು, ಈ ಸಲ ನಿಧಾನವಾಗಿ, ಕೈಯಲ್ಲಿ ಕೊಡೆ ಬಿಚ್ಚಿ ತೋರಿಸಿ. ಎರಡನೆಯ ಹುಡುಗನಿಗೂ ಹಾಗೇ ಆಯಿತು. ಇವರಿಗೆ ಏನು ಸಂಶಯ ಎಂದು ನನಗೆ ಒಳಗೊಳಗೇ ಸಿಟ್ಟು; ಹುಡುಗರು ಅರ್ಥವಾಯಿತು ಎನ್ನುತ್ತಿದ್ದಾರಲ್ಲ!

ಮೂರನೆಯವನು ಕೂತಾಗ ನಾನು ಅವನ ಮಾತು ಕೇಳುವುದು ಬಿಟ್ಟು ಅವನನ್ನು ನೋಡಿದೆ. ಅವನ ತಲೆ ಮೇಲೆ ಕೆಳಗೆ ಆಡುತ್ತಿರಲಿಲ್ಲ. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಮತ್ತೆ ಎಡಕ್ಕೆ, ಎಣ್ಣೆ ಹಾಕಿದ ತೊಟ್ಟಿಲಿನ ಹಾಗೆ ಮೆತ್ತಗೆ ತೂಗುತ್ತಿತ್ತು. ಸಂಗೀತ ಕಛೇರಿಯ ಮುಂದಿನ ಸಾಲಿನಲ್ಲಿ ತೂಗುವ ತಲೆ. ನಮ್ಮಮ್ಮನ ತಲೆ. ನನ್ನ ತಲೆ. ಜಪಾನಿನಲ್ಲಿ ತಲೆ ಪಕ್ಕಕ್ಕೆ ವಾಲಿದರೆ ಅನುಮಾನ ಎಂದೇ ಅರ್ಥ: ಹೌದೇ, ನನಗೆ ಹಾಗನ್ನಿಸುವುದಿಲ್ಲವಲ್ಲ ಎಂದು. ನನಗೆ ಇದು ಪುಸ್ತಕದಲ್ಲಿ ಓದಿ ಗೊತ್ತಿತ್ತು, ನಾಲ್ಕು ವರ್ಷ ಕಣ್ಣಾರೆ ಕಂಡು ಗೊತ್ತಿತ್ತು. ನನ್ನ ಕುತ್ತಿಗೆಗೆ ಮಾತ್ರ ಗೊತ್ತಿರಲಿಲ್ಲ. ಒಂದು ವರ್ಷ ವಾರಕ್ಕೆರಡು ಸಲ, ನನ್ನನ್ನು ನೋಡಿ ನನ್ನನ್ನು ನೋಡಿ ಎಂದು ಹೇಳಿ, ಹದಿನಾಲ್ಕು ಇಂಗ್ಲಿಷ್ ಮಕ್ಕಳಿಗೆ ಮೈಸೂರಿನ ತಲೆ ಜೋಡಿಸಿದ್ದೆ. ಹದಿನಾಲ್ಕನೆಯವರು ಬರುವ ಹೊತ್ತಿಗೆ ಆ ಕೊಡೆಯ ಕಥೆ ಮೂರುಪಟ್ಟು ಉದ್ದವಾಗಿತ್ತು, ಪ್ರಾಧ್ಯಾಪಕರ ಗಂಟಲು ಕಟ್ಟಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಎಲ್ಲರೂ ಹೋದ ಮೇಲೆ ಪ್ರಾಧ್ಯಾಪಕರು ಚಹಾ ಕುಡಿದು, ಬಹಳ ಸಂಕೋಚದಿಂದ ಕೇಳಿದರು. "ಹುಡುಗರ ಮಾತು ಬಹಳ ಸೊಗಸಾಗಿದೆ. ಒಂದೇ ಒಂದು ಸಣ್ಣ ವಿಷಯ, ಕೇಳಬಾರದೇನೋ. ಅವರಿಗೆ ನನ್ನ ಮಾತಿನಲ್ಲಿ ನಂಬಿಕೆ ಬರಲಿಲ್ಲವೇ?"

"ತಪ್ಪು ನನ್ನದು," ಎಂದೆ. "ನಮ್ಮ ಊರಿನಲ್ಲಿ ಹೀಗೆ ಮಾಡಿದರೆ, ಕೇಳುತ್ತಿದ್ದೇನೆ, ನಿಮ್ಮ ಜೊತೆಗಿದ್ದೇನೆ, ಮುಂದೆ ಹೇಳಿ ಎಂದು. ಮೆಚ್ಚಿದೆ ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ತಲೆದೂಗುವುದು ಎಂದೇ ಹೇಳುತ್ತೇವೆ." ಹೇಳುತ್ತಿದ್ದಾಗಲೂ ನನ್ನ ತಲೆ ತೂಗುತ್ತಿತ್ತೆಂದು ಅವರ ಕಣ್ಣು ನೋಡಿ ತಿಳಿಯಿತು. ಅವರು ನಗಲಿಲ್ಲ. ಹುಡುಗರು ಜಪಾನಿಗೆ ಹೋದಾಗ ಮನೆ ಬಾಡಿಗೆಗೆ ಕೊಡುವವರು, ಪಾಠ ಹೇಳುವವರು ತಪ್ಪು ತಿಳಿಯಬಾರದು, ಹೋಗುವ ಮುಂಚೆ ಇದೊಂದನ್ನು ತಿದ್ದಿದರೆ ಒಳ್ಳೆಯದು ಎಂದಷ್ಟೇ ಹೇಳಿದರು. ಹಿರಿಯ ಸೆನ್ಸೇ ಅಂಕಪಟ್ಟಿಗಳನ್ನು ಜೋಡಿಸಿ ಫೈಲಿಗೆ ಸೇರಿಸಿದರು. ತರಗತಿ ನನ್ನ ಕೈತಪ್ಪಿತೆಂದು ನನಗೆ ಆಗಲೇ ಖಾತ್ರಿಯಾಯಿತು.

ಮನೆಯಲ್ಲಿ ಯಜಮಾನರಿಗೆ ಮಾತ್ರ ಹೇಳಿದೆ. ಮಗಳಿಗೆ ಸ್ಕೂಲಿನ ದೊಡ್ಡ ಪರೀಕ್ಷೆ ನಡೆಯುತ್ತಿತ್ತು, ರೂಮಿನ ಬಾಗಿಲು ಮುಚ್ಚಿರುತ್ತಿತ್ತು. ಯಜಮಾನರು ಬಿದ್ದು ಬಿದ್ದು ನಕ್ಕರು. "ಹೋಗ್ಲಿ ಬಿಡೇ, ಹದಿನಾಲ್ಕು ಜನ ಮೈಸೂರವರನ್ನ ತಯಾರ್ ಮಾಡಿದೀಯ. ಕನ್ನಡ ಸಂಘದವ್ರು ಸನ್ಮಾನ ಮಾಡ್ಬೇಕು ನಿಂಗೆ." ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಜೂನಿನಲ್ಲಿ, ಜಪಾನಿಗೆ ಹೋಗುವವರಿಗೆಲ್ಲ ಕೊನೆಯ ಒಂದು ತರಗತಿ ಇರುತ್ತದೆ. ಆ ದಿನ ಅವರನ್ನು ಇಬ್ಬಿಬ್ಬರಾಗಿ ಕೂರಿಸಿ, ಮಾತಾಡುವಾಗ ಫೋನಿನಲ್ಲಿ ವಿಡಿಯೋ ತೆಗೆಯಲು ಹೇಳಿದೆ. ತಲೆ ಹೇಗೆ ಆಡುತ್ತದೆ ನೋಡಿಕೊಳ್ಳಿ, ಜಪಾನಿನಲ್ಲಿ ಇದಕ್ಕೆ ಅನುಮಾನ ಎಂದು ಅರ್ಥ ಎಂದೆ. ನೋಡಿಕೊಂಡದ್ದೇ ತಡ, ತರಗತಿಯೆಲ್ಲ ನಗು. ಒಬ್ಬ ಹುಡುಗಿ ಮಾತ್ರ ನಗಲಿಲ್ಲ. "ಸೆನ್ಸೇ, ಇದು ಜಪಾನಿನದಲ್ಲವೇ?" ಎಂದು ಕೇಳಿದಳು. "ನಾನು ಮನೆಯಲ್ಲೂ ಹೀಗೇ ಮಾಡುತ್ತೇನೆ. ಈಚೆಗೆ ನೀನು ನನ್ನ ಮಾತು ಕೇಳಿಸಿಕೊಳ್ಳುತ್ತೀಯ ಎಂದು ಅಮ್ಮ ಹೇಳಿದರು."

ಮನೆಯಲ್ಲಿ ಹಾಗೇ ಮಾಡು, ಜಪಾನಿನಲ್ಲಿ ಬೇಡ ಎಂದೆ. ಆದರೆ ಒಮ್ಮೆ ಗೊತ್ತಾದ ಮೇಲೆ ಅದು ಎಲ್ಲಿ ಉಳಿಯುತ್ತದೆ? ಒಂದು ಗಂಟೆಯಲ್ಲಿ ಹದಿನಾಲ್ಕೂ ತಲೆಗಳು ಮೇಲೆ ಕೆಳಗೆ, ಮೇಲೆ ಕೆಳಗೆ, ಕೋಲೆಬಸವನ ಹಾಗೆ ಆಡತೊಡಗಿದವು. ಸರಿಯಾಗಿಯೇ ಇತ್ತು. ಆ ಹುಡುಗಿಯೂ ಸರಿಯಾಗಿ ಮಾಡಿದಳು, ಮಾಡುವ ಮುಂಚೆ ಪ್ರತಿ ಸಲ ಒಂದು ಕ್ಷಣ ಯೋಚಿಸಿ. ತರಗತಿ ಮುಗಿದ ಮೇಲೆ ಬೋರ್ಡು ಒರೆಸುತ್ತ ನನಗೆ ಅಳು ಬಂತು. ಸಿಡುಕುವವಳು ಎಂದು ಆಗಲೇ ಹೇಳಿದೆ, ಅವತ್ತು ಅತ್ತೆ.

ತಿಂಗಳ ಕೊನೆಗೆ ಹಿರಿಯ ಸೆನ್ಸೇ ನಮ್ಮ ರೂಮಿನ ಬಾಗಿಲು ಮುಂದೆ ಮಾಡಿದರು. ಅಂದು ಡಬ್ಬಿ ಬಿಚ್ಚುವ ಮುಂಚೆಯೇ ಮಾತು ತೆಗೆದರು.

"ಎರಡು ಸಲ ನಿಮ್ಮ ತರಗತಿಗೆ ಬಂದಿದ್ದೆ. ನನಗೆ ಅದು ಕಾಣಲೇ ಇಲ್ಲ. ಯಾಕೆ ಕಾಣಲಿಲ್ಲ ಎಂದು ಒಂದು ತಿಂಗಳು ಯೋಚಿಸಿದೆ." ಡಬ್ಬಿಯ ಬಟ್ಟೆಯ ಗಂಟು ಬಿಚ್ಚಿದರು. "ಮೊನ್ನೆ ವಿಡಿಯೋ ಕಾಲಿನಲ್ಲಿ ನನ್ನ ತಂಗಿ ಕೇಳಿದಳು, ಅಕ್ಕಾ, ನಾನೇನು ಹೇಳಿದರೂ ಯಾಕೆ ಅನುಮಾನ ಪಡುತ್ತೀ ಎಂದು. ಎಂಟು ವರ್ಷ ನಿಮ್ಮ ಎದುರು ಕೂತು ಊಟ ಮಾಡಿದ್ದೇನಲ್ಲ."

ನಾವಿಬ್ಬರೂ ನಕ್ಕೆವು. ನಗು ಮುಗಿಯುವ ಮುಂಚೆಯೇ ಮುಂದಿನದು ಏನೆಂದು ನನಗೆ ಗೊತ್ತಿತ್ತು.

"ಸಂಭಾಷಣೆಯನ್ನು ಹಂಚುವುದು ಮಾತ್ರ ಸ್ವಲ್ಪ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಜಪಾನಿನವರು ಆಗದು ಎನ್ನುವುದು ಹೀಗೇ, ವಾಕ್ಯದ ಬಾಲವನ್ನು ನಮ್ಮ ಕೈಗೇ ಕೊಟ್ಟು. ಸೆಪ್ಟೆಂಬರಿಗೆ ಸಹೋದ್ಯೋಗಿ ಮರಳಿ ಬರುತ್ತಾರೆ, ತರಗತಿ ಪೂರ್ತಿ ಅವರದು. ನನಗೆ ಓದು, ಬರಹ, ವ್ಯಾಕರಣ. ಅದನ್ನು ಹೇಳುವಾಗ ಅವರ ತಲೆ ಎಡಕ್ಕೂ ಬಲಕ್ಕೂ ಮೆತ್ತಗೆ ತೂಗುತ್ತಿತ್ತು. ಕೋಪ ಮಾಡಿಕೊಳ್ಳಲು ಹೊರಟವಳು ಅದನ್ನು ನೋಡಿ ಸುಮ್ಮನಾದೆ. ಉಪ್ಪಿನಕಾಯಿಯ ಡಬ್ಬಿಯನ್ನು ಅವರ ಕಡೆ ಸರಿಸಿದೆ.

ಸಂಜೆ ಟ್ಯೂಬ್ ಇಳಿದು, ಅಂಗಡಿಯಲ್ಲಿ ಒಂದು ಕಟ್ಟು ಮೆಂತ್ಯದ ಸೊಪ್ಪು ತೆಗೆದುಕೊಂಡು ಮನೆಗೆ ಬಂದೆ. ಮಗಳ ಪರೀಕ್ಷೆ ಮುಗಿದಿತ್ತು. ಅಡುಗೆಮನೆಯ ಮೇಜಿನ ಮುಂದೆ ಕೂತು ಟೋಸ್ಟ್ ತಿನ್ನುತ್ತಿದ್ದಳು. ನಾನು ಎದುರು ಕೂತು ಸೊಪ್ಪು ಬಿಡಿಸತೊಡಗಿದೆ.

"ಆ ಕ್ಲಾಸು ಕೊಡಲ್ಲ ಅಂದ್ಬಿಟ್ರು ಕಣೇ."

"ವಾಟ್? ವೈ?" ಎಂದು ಫೋನನ್ನು ಬೋರಲು ಹಾಕಿದಳು.

ಮೊದಲಿನಿಂದ ಹೇಳಿದೆ. ಕಳೆದ ಸೆಪ್ಟೆಂಬರಿನಿಂದ, ಕನ್ನಡದಲ್ಲಿ, ನಡುವೆ ಉಸಿರು ಕೂಡ ಬಿಡದೆ. ಕಲ್ಲಿನಂಥ ಮುಖಗಳು, ಹೂಂಗುಟ್ಟುವ ಪಾಠ, ದೋಸೆಯ ಮಧ್ಯಾಹ್ನ. ಎಕ್ಸ್‌ಟರ್ನಲ್ ಬಂದದ್ದು, ಕೊಡೆ ಕಳೆದ ಕಥೆ. ಮೊದಲನೆಯ ಹುಡುಗಿ ಕೂತಳು ಎನ್ನುವಲ್ಲಿಗೆ ಬಂದು, ಸೊಪ್ಪಿನಿಂದ ತಲೆ ಎತ್ತಿ ಮಗಳನ್ನು ನೋಡಿದೆ.

ಅವಳು ಒಂದು ಮಾತೂ ಆಡಿರಲಿಲ್ಲ. ಟೋಸ್ಟ್ ಕೈಯಲ್ಲೇ ಇತ್ತು. ಅವಳ ತಲೆ ತೂಗುತ್ತಿತ್ತು. ಎಡಕ್ಕೆ, ಬಲಕ್ಕೆ, ನನ್ನ ಒಂದೊಂದು ವಾಕ್ಯಕ್ಕೂ, ಎಲ್ಲಿ ಹೂಂ ಎನ್ನಬೇಕೋ ಸರಿಯಾಗಿ ಅಲ್ಲಿ. ಇದು ಇವತ್ತಿನದಲ್ಲ, ಹದಿನಾರು ವರ್ಷದಿಂದ ನನ್ನ ಕಣ್ಣೆದುರೇ ಇದ್ದದ್ದು. ನಾನು ಅವಳ ಬಾಯಿಯನ್ನೇ ಕಾಯುತ್ತ ಕೂತಿದ್ದೆ.

"ಅಮ್ಮಾ? ವೈ ಡಿಡ್ ಯು ಸ್ಟಾಪ್?"

ಹೇಳಲು ಬಾಯಿ ತೆರೆದೆ. ಕೊನೆಯ ತರಗತಿಯ ಆ ನಗದ ಹುಡುಗಿ ತಲೆಯಾಡಿಸುವ ಮುಂಚೆ ಒಂದು ಕ್ಷಣ ಯೋಚಿಸುತ್ತಿದ್ದದ್ದು ನೆನಪಾಯಿತು.

"ಏನಿಲ್ಲ," ಎಂದೆ. "ಹುಡುಗ್ರ ಉಚ್ಚಾರಣೆ ಸರಿ ಇಲ್ಲ ಅಂದ್ರು ಆ ಎಕ್ಸ್‌ಟರ್ನಲ್ಲು. ಕೇಳು."

ಅವಳು ತಲೆದೂಗಿದಳು. ನಾನು ಸುಳ್ಳನ್ನು ಎಷ್ಟು ಉದ್ದ ಎಳೆಯಲು ಸಾಧ್ಯವೋ ಅಷ್ಟು ಉದ್ದ ಎಳೆದೆ.